ಬಲದ ನಳಿಗೆ

ಪುಟ್ಟತಾಯಮ್ಮ ಗಂಡನ ಬಿಳಿ ಪಂಚೆಯನ್ನು ಮಣ್ಣುದಿಬ್ಬದ ಮುಂದೆ ಎರಡು ಗೂಟಗಳಿಗೆ ಬಿಗಿದು ಕಟ್ಟುವುದನ್ನು ಕಂಡು ಅತ್ತೆ ಮಾಯಮ್ಮ ಎದೆ ಎದೆ ಬಡಿದುಕೊಂಡಳು.

"ಸತ್ತೋನ ಬಟ್ಟೆಗೆ ಈಡು ಒಡ್ದೀಯಾ? ನಿಂಗೇನು ಗರ ಬಡ್ದದಾ?"

"ಅವ್ರಿದ್ದಿದ್ರೆ ಅವ್ರೇ ಬಿಚ್ಚಿಕೊಡೋರು. ಸುಮ್ಕಿರತ್ತೆ."

ನಂಜಪ್ಪ ತೀರಿಕೊಂಡ ಮೇಲೆ ಅವನ ಜೋಡುನಳಿಗೆ ಕೋವಿಯ ಲೈಸೆನ್ಸು ಪುಟ್ಟತಾಯಮ್ಮನ ಹೆಸರಿಗೆ ಬಂದಿತ್ತು. ಮಾಕವಳ್ಳಿ ಕಾರ್ಖಾನೆಗೆ ಕಬ್ಬು ಹಾಕುವ ಆ ಬಯಲಿನಲ್ಲಿ ಹಂದಿಕಾಟಕ್ಕೆ ಇದ್ದದ್ದು ಅದೊಂದೇ ಕೋವಿ. ಗುರಿ ಹಿಡಿಯುವುದನ್ನು ಗಂಡನೇ ಕಲಿಸಿದ್ದ. ಆದರೂ ಮೈದುನ ಸಿದ್ದರಾಜು, ಹೆಂಗಸಿಗೇಕೆ ಎಂದು ಕಾವಲಿಗೆ ಅದನ್ನು ತಾನೇ ಒಯ್ಯುತ್ತಿದ್ದ. ಮೊನ್ನೆ ಹಂದಿಯ ಹಿಂಡು ಎದುರಿಗೇ ಬಂದಾಗ ಅವನು ಹೊಡೆದ ಈಡು ಒಂದಕ್ಕೂ ತಾಗಲಿಲ್ಲ. ಅರ್ಧ ಕಬ್ಬು ನೆಲ ಕಚ್ಚಿತು. "ಹೆಂಗ್ಸಿನ ಎಸ್ರಿಗೆ ಬಂದ್ಮ್ಯಾಲೆ ಕೋವಿ ಕೆಟ್ಟೋಯ್ತು. ನನ್ನೆಸ್ರಿಗೆ ಮಾಡುಸ್ಕೊಂಡು ರಿಪೇರಿ ಮಾಡುಸ್ತೀನಿ" ಎಂದು ಅವನು ಟೀ ಅಂಗಡಿಯಲ್ಲಿ ಆಡಿದ ಮಾತು ಅವಳ ಕಿವಿಗೂ ಬಿತ್ತು. ಅವತ್ತೇ ಹೋಗಿ ಅವನ ಮನೆಯಿಂದ ಕೋವಿ ಎತ್ತಿಕೊಂಡು ಬಂದಳು.

ಈಗ ಸುದ್ದಿ ತಿಳಿದು ಸಿದ್ದರಾಜು ಬದುವಿನ ಮೇಲೆ ಬಂದು ನಿಂತ.

"ತೋಟಾ ದಂಡ ಮಾಡ್ಬ್ಯಾಡಿ ಅತ್ಗೆ. ಕೋವೀಲೇ ದಮ್ಮಿಲ್ಲ."

"ಮೊನ್ನೆ ಅಂದಿ ಬಂದಾಗ ಯಾವ ನಳಿಗೇಲಿ ಒಡ್ದೆ?"

"ಎಡದ್ರಲ್ಲಿ. ಅದ್ರ ಬಾಯಲ್ವಾ ಬಿಗಿ? ಬಾಯಿ ಬಿಗಿಯಾಗಿದ್ರೆ ಸೀಸದ ಚರೆ ಚೆದ್ರಾಕಿಲ್ಲ. ಊರಿಗೇ ಗೊತ್ತು."

ಅವನು ಬಳಸಿದ್ದ ದಪ್ಪ ಚರೆಯ ತೋಟಾವನ್ನೇ ಅವಳು ಎಡದ ನಳಿಗೆಗೆ ತುಂಬಿ, ಗುರಿಯಿಟ್ಟು ಕುದುರೆ ಎಳೆದಳು. ಹೊಗೆ ಸರಿದಾಗ ಪಂಚೆಯ ಅಂಚಿನ ಸುತ್ತ ಅಲ್ಲೊಂದು ಇಲ್ಲೊಂದು ತೂತು. ನಡುವೆ ಅವಳು ಇದ್ದಲಿನಲ್ಲಿ ಬರೆದಿದ್ದ ಸುತ್ತಿನೊಳಗೆ ಒಂದೂ ಇಲ್ಲ.

ಸಿದ್ದರಾಜು ನಕ್ಕ. "ನಾನೇಳ್ನಿಲ್ವಾ?"

ಪುಟ್ಟತಾಯಮ್ಮ ಇನ್ನೊಂದು ಪಂಚೆ ಕಟ್ಟಿ, ಅದೇ ಬಗೆಯ ತೋಟಾವನ್ನು ಬಲದ ನಳಿಗೆಗೆ ಹಾಕಿದಳು. ಈ ಸಲ ಇದ್ದಲಿನ ಸುತ್ತು ಜರಡಿಯಾಗಿತ್ತು.

"ದಪ್ಪ ಚರೆ ಬಿಗಿ ಬಾಯಲ್ಲಿ ಒಂದನ್ನೊಂದು ನೂಕಾಡ್ಕೊಂಡು ಚೆದ್ರೋಯ್ತವೆ. ಎಡದ್ದು ಸಣ್ಣ ಚರೆಗೆ. ಕೋವಿ ನೆಟ್ಟಗದೆ."

"ಒಂದು ಸಲ ಯಾರ್ಗಾದ್ರೂ ಬೀಳ್ತದೆ ಬುಡಿ. ಗಾಳಿ ಕೂಡ್ಬಂತು."

ಅವಳು ಮತ್ತೆ ಕಟ್ಟಲು ಬಟ್ಟೆ ಹುಡುಕಿದಳು, ತಂದದ್ದು ಮುಗಿದಿತ್ತು. ಅಷ್ಟು ಹೊತ್ತು ಮಗನ ಪಂಚೆಯ ತೂತುಗಳಲ್ಲಿ ಬೆರಳಾಡಿಸುತ್ತ ಕೂತಿದ್ದ ಮಾಯಮ್ಮ ಎದ್ದು, ತಂತಿಯ ಮೇಲೆ ಒಣಗುತ್ತಿದ್ದ ತನ್ನದೇ ಸೀರೆಯನ್ನು ಎಳೆದು ತಂದಳು.

"ಇನ್ನೊಂದ್ಸಲ ಒಡಿ. ಇವನ ಕಣ್ಣಿಗೆ ಕಾಣ್ಸಂಗೆ ಒಡಿ."

ಹೊಡೆದಳು. ಸೀರೆಯ ನಡುಮಧ್ಯದಲ್ಲಿ ಅಂಗೈಯಗಲಕ್ಕೆ ಚರೆ ಕೂತಿತ್ತು. ಸಿದ್ದರಾಜು ಹತ್ತಿರ ಹೋಗಿ ನೋಡಿದ. ಬಹಳ ಹೊತ್ತು ನೋಡಿದ. ತಿರುಗಿ ಬಂದು ಕೈ ಚಾಚಿದ.

"ಈಗ ಗೊತ್ತಾಯ್ತಲ್ಲ, ಕೋವಿ ಇತ್ಲಾಗೆ ಕೊಡಿ. ಕಾವಲಿಗೆ ನಾನೋಯ್ತೀನಿ."

ಅವಳು ಕೋವಿಯನ್ನು ನಡುವೆ ಮಡಚಿ ಖಾಲಿ ತೋಟಾ ತೆಗೆದಳು, ನಳಿಗೆ ಊದಿದಳು, ಹೆಗಲಿಗೇರಿಸಿದಳು.

"ಕಾವಲಿಗೆ ನಾನೋಯ್ತೀನಿ. ನೀನು ಟೀ ಅಂಗ್ಡೀಗೋಗಿ, ಕೆಟ್ಟಿದ್ದು ಕೋವಿಯಲ್ಲ ಅಂತ ಏಳು."

ಕಬ್ಬಿನ ಗದ್ದೆಯ ಕಡೆ ಹೋಗುವ ಬದು ಒಬ್ಬರು ನಡೆಯುವಷ್ಟೇ ಅಗಲ. ಸಿದ್ದರಾಜು ಹೋಗಿ ಅದಕ್ಕೆ ಅಡ್ಡ ನಿಂತ. ಪುಟ್ಟತಾಯಮ್ಮ ನಡಿಗೆ ನಿಧಾನಿಸಲಿಲ್ಲ. ಅವಳು ಹತ್ತಿರವಾದಾಗ ಅವನು ಪಕ್ಕದ ಕಾಲುವೆಯ ಕೆಸರಿಗೆ ಇಳಿದು, ಚಪ್ಪಲಿ ಹೂತುಹೋಗುತ್ತಿದ್ದರೂ ಅಲುಗಾಡದೆ ನಿಂತ.