ಪಾರ್ಸ್ಲಿ ಮರೆತವಳು

ನನ್ನ ನಾಲಿಗೆ ಕೆಟ್ಟದ್ದು, ಅದು ನೇಪಲ್ಸ್ ಪಕ್ಕದ ಪೊಝುವೋಲಿ ಬಂದರಿಗೆಲ್ಲ ಗೊತ್ತು. ಆದರೆ ಕೈ ಒಳ್ಳೆಯದು ಎಂದು ಅದೇ ಬಂದರಿನವರು ಹೇಳುತ್ತಿದ್ದರು. ಓರ್ಸೊಲಾ ಬೈದರೂ ಬೈಯಲಿ, ಅವಳ ಮನೆಯ ಕಡಲಿನ ಮರುವಾಯಿ ಚಿಪ್ಪಿನ ಸ್ಪಗೆಟ್ಟಿ ಒಂದು ತಟ್ಟೆ ಸಿಕ್ಕರೆ ಸಾಕು ಎನ್ನುತ್ತಿದ್ದರು. ಆ ಒಳ್ಳೆಯ ಕೈಯಿಂದಲೇ ನಾನು ಮಾಡಿಕೊಂಡ ಘನಕಾರ್ಯ ಇದು. ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಕಟ್ಟಿದ್ದು ಸಾಕಾಗಿದೆ.

ನನ್ನ ಮಗ ಪ್ರೊಕೊಲೊ ಸತ್ತು ಮೂರು ವರ್ಷವಾಗಿತ್ತು. ಆ ಮೂರು ವರ್ಷ ನಮ್ಮ ಮನೆಯೊಳಗೆ ಒಂದು ಚಿಪ್ಪೂ ಬಂದಿರಲಿಲ್ಲ. ಸೊಸೆ ಎರ್ಸಿಲಿಯಾ ನನ್ನ ಜೊತೆಯೇ ಉಳಿದಳು. ತಾಯಿಯಿಲ್ಲದ ಹುಡುಗಿ. ಮದುವೆಯಾಗಿ ಬಂದ ದಿನದಿಂದ ಒಮ್ಮೆಯೂ ಅತ್ತೆ ಎಂದವಳಲ್ಲ, ಅಮ್ಮ ಎಂದೇ ಕರೆದಳು. ಬೆಳಗ್ಗೆ ಬೇಕರಿಯ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದಳು. ಮೇಜಿನ ಎರಡು ತುದಿಗೆ ಇಬ್ಬರೂ ಕೂತು ಕಾಳು ಹಾಕಿದ ಪಾಸ್ತಾ ತಿಂದು, ಟಿವಿ ಮುಂದೆ ತೂಕಡಿಸಿ ಮಲಗುತ್ತಿದ್ದೆವು. ನನಗೆ ಅಷ್ಟೇ ಸಾಕಾಗಿತ್ತು. ಅವಳಿಗೆ ಸಾಕಾಗಿದೆಯೇ ಎಂದು ನಾನು ಕೇಳಲಿಲ್ಲ.

ಈಸ್ಟರ್ ಮುಗಿದ ವಾರ ಅವಳು ಮೇಜು ಒರೆಸುತ್ತಾ, ಒರೆಸಿದಲ್ಲೇ ಮತ್ತೆ ಒರೆಸುತ್ತಾ ಕೇಳಿದಳು.

"ಅಮ್ಮಾ, ಭಾನುವಾರ ಒಬ್ಬರನ್ನ ಊಟಕ್ಕೆ ಕರೀಲಾ?"

"ಯಾರನ್ನೇ?"

"ಬಿಯಾಜೊ ಅಂತ. ರೈಲು ಓಡಿಸ್ತಾರೆ. ದಿನಾ ಬೇಕರಿಗೆ ಬರ್ತಾರೆ."

"ಬ್ರೆಡ್ ನೋಡೋಕೋ, ನಿನ್ನ ನೋಡೋಕೋ?"

ಅವಳ ಕಿವಿ ಕೆಂಪಾಯಿತು. ಎದುರಿಗೆ ಬಂದು ಕೂತಳು. "ಮದುವೆ ಆಗೋಣ ಅಂತಿದ್ದಾರೆ. ನೀವು ಹೂಂ ಅಂದ್ರೆ ಮಾತ್ರ, ಅಮ್ಮಾ. ನೀವು ಬೇಡ ಅಂದ್ರೆ ಇಲ್ಲಿಗೇ ಬಿಡ್ತೀನಿ, ದೇವರಾಣೆ. ಒಂದ್ಸಲ ನಿಮ್ಮ ಕೈಯಾರೆ ಮರುವಾಯಿ ಮಾಡಿ ಹಾಕಿ ಅವರಿಗೆ. ಆಮೇಲೆ ನಿಮ್ಗೇನನ್ಸುತ್ತೋ ಹೇಳಿ."

ಮಾಡುತ್ತೇನೆ ಎಂದೆ. ಹೂಂ ಎನ್ನಬಾರದು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿದ್ದೆ. ಅವಳು ಹೋದರೆ ನನಗೆ ಅಮ್ಮ ಎನ್ನುವವರು ಯಾರಿದ್ದಾರೆ? ಗೋಡೆಯ ಮೇಲಿನ ಫೋಟೋ ಅನ್ನುತ್ತದೆಯೇ?

ಭಾನುವಾರ ಬೆಳಗಾಗುವ ಮೊದಲೇ ಬಂದರಿಗೆ ಹೋಗಿ ಎರಡು ಕಿಲೋ ಮರುವಾಯಿ ತಂದೆ. ದೋಣಿಯವರಿಂದ ಒಂದು ಕ್ಯಾನ್ ಸಮುದ್ರದ ನೀರು ಇಸಿದುಕೊಂಡು ಬಂದು, ಅದರಲ್ಲಿ ನೆನೆಹಾಕಿ, ಮೇಲೆ ಬಟ್ಟೆ ಮುಚ್ಚಿ ಕತ್ತಲೆಯಲ್ಲಿಟ್ಟೆ. ಚಿಪ್ಪುಗಳು ಬಾಯಿ ತೆರೆದು ಮರಳು ಉಗುಳಬೇಕಲ್ಲ. ಹತ್ತು ಗಂಟೆಗೆ ನೆಲ ಒಮ್ಮೆ ಗುಡುಗಿ ಲೋಟಗಳು ಗಲಗಲ ಎಂದವು. ನಮ್ಮೂರಲ್ಲಿ ನೆಲದ ಅಡಿಯಲ್ಲೇ ಜ್ವಾಲಾಮುಖಿಯ ಬೆಂಕಿ, ಇದು ದಿನದ ಪಾಡು. ನಾನು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದೆ.

ಬಿಯಾಜೊ ಹನ್ನೊಂದಕ್ಕೆ ಬಂದ. ಸಮುದ್ರ ಕಾಣದ ಒಳನಾಡಿನ ಬೆಟ್ಟದವನು, ಬಾಗಿಲಷ್ಟು ಅಗಲದ ಆಳು, ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆವರುತ್ತಿದ್ದ. ಒಂದು ಕೈಯಲ್ಲಿ ರಿಬ್ಬನ್ ಕಟ್ಟಿದ ಸಿಹಿತಿಂಡಿ ಪೊಟ್ಟಣವಿತ್ತು. ಇನ್ನೊಂದು ಕೈಯಲ್ಲಿ ಒಂದು ಕಟ್ಟು ಪಾರ್ಸ್ಲಿ ಸೊಪ್ಪು.

"ಅಮ್ಮಾ, ಕೆಳಗಡೆ ತರಕಾರಿ ಅಂಗಡಿಯವರು ಕಾಸು ಬೇಡ ಅಂತ ಹಾಗೇ ಕೊಟ್ರು," ಎಂದು ನಕ್ಕ. "ಮರುವಾಯಿಗೆ ಬೇಕಾಗುತ್ತಲ್ವಾ, ಮನೇಲಿ ಇದ್ಯೋ ಇಲ್ವೋ ಅಂತ ತಂದೆ."

ನಾನು ಕೈ ಚಾಚಲಿಲ್ಲ. ಎರ್ಸಿಲಿಯಾ ಓಡಿಬಂದು ಆ ಕಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ನೀರಿಗಿಟ್ಟಳು. ನನ್ನ ಮುಖ ನೋಡಲಿಲ್ಲ.

ಆ ಪಾರ್ಸ್ಲಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅದೂ ಒಂದು ಭಾನುವಾರ. ಪ್ರೊಕೊಲೊ ಒಲೆಯ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, ಕೆಟ್ಟದ್ದನ್ನು ಆರಿಸಲು ಮರುವಾಯಿಯನ್ನು ಒಂದೊಂದಾಗಿ ಹಲಗೆಗೆ ಕುಟ್ಟುತ್ತಿದ್ದ, ಅದು ಚಿಕ್ಕಂದಿನಿಂದ ಅವನ ಕೆಲಸ. ನೀರು ಕುದಿಯುವಾಗ ನೋಡುತ್ತೇನೆ, ಮನೆಯಲ್ಲಿ ಪಾರ್ಸ್ಲಿ ಇಲ್ಲ. ತರಬೇಕಾದವಳು ನಾನು, ಮರೆತವಳೂ ನಾನು. ಆದರೂ ಅವನ ಮೇಲೆಯೇ ಕೂಗಿದೆ. "ಕಲ್ಲಿನ ಹಾಗೆ ಕೂತಿದ್ದೀಯಲ್ಲೋ, ಸ್ಕೂಟರ್ ತಗೊಂಡು ಓಡು!" ಸಣ್ಣ ಮಳೆ ಹನಿಯುತ್ತಿತ್ತು. ವಾಪಸು ಬರುವಾಗ ಇಳಿಜಾರಿನ ಕಲ್ಲುಹಾಸಿನ ಮೇಲೆ ಸ್ಕೂಟರ್ ಜಾರಿತು. ಆಸ್ಪತ್ರೆಯಲ್ಲಿ ಅವನ ಜಾಕೆಟ್ಟನ್ನು ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಪಾರ್ಸ್ಲಿ ಕಟ್ಟು ಹಾಗೇ ಇತ್ತು.

ನೇಪಲ್ಸ್‌ನಿಂದ ಓಡಿಬಂದ ನಮ್ಮ ನಾದಿನಿ ಎದೆ ಬಡಿದುಕೊಳ್ಳುತ್ತಾ, "ಈ ಮಳೇಲಿ ಹುಡುಗನ್ನ ಹೊರಗೆ ಕಳ್ಸಿದ್ದು ಯಾರು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಎರ್ಸಿಲಿಯಾ, "ನಾನು. ಪಾರ್ಸ್ಲಿ ಮರೆತಿದ್ದೆ, ನಾನೇ ಕಳಿಸ್ದೆ," ಎಂದಳು. ನಾದಿನಿ ಅವಳಿಗೆ ಹಾಕಿದ ಶಾಪ ಬರೆಯಲಾರೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಾಳೆ ನಿಜ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಮೂರು ವರ್ಷವಾಯಿತು.

ಈಗ ಬಿಯಾಜೊ ಅದೇ ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. "ನಂಗೂ ಏನಾದ್ರೂ ಕೆಲಸ ಹೇಳಿ, ಅಮ್ಮಾ."

"ಬೆಟ್ಟದವ್ರಿಗೆ ಏನ್ ಹೇಳ್ಲಿ? ನಿಮ್ಮೂರ ಹಸು ಕರೆದ ಹಾಗೆ ಮರುವಾಯಿಯಿಂದ ಹಾಲು ಕರೀತೀರಾ?"

ಅವನು ಜೋರಾಗಿ ನಕ್ಕ. ಬೇಜಾರೇ ಇಲ್ಲದ ಮನುಷ್ಯ, ಅದು ನನ್ನನ್ನು ಇನ್ನೂ ಉರಿಸಿತು. ಎರ್ಸಿಲಿಯಾ ಆ ಮೋಟು ಸ್ಟೂಲನ್ನು ಎಳೆದು, "ಕೂತ್ಕೊಳ್ಳಿ, ಕುಟ್ಟೋದು ಹೇಳ್ಕೊಡ್ತೀನಿ," ಎಂದಳು. ನನ್ನ ಮಗನ ಸ್ಟೂಲು! ಅವನು ಕೂತ.

ಒಂದೊಂದೇ ಚಿಪ್ಪನ್ನು ಮರದ ಹಲಗೆಗೆ ಕುಟ್ಟಿ ಕಿವಿಗೊಡಬೇಕು. ಜೀವ ಇರುವುದು ಕಲ್ಲಿನ ಹಾಗೆ ಟಕ್ ಎನ್ನುತ್ತದೆ. ಕೆಲವೊಮ್ಮೆ ಒಳಗಿನ ಜೀವ ಸತ್ತು, ಚಿಪ್ಪಿನ ತುಂಬ ಕೆಸರು ತುಂಬಿಕೊಂಡು, ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಚಿರುತ್ತದೆ. ನೋಡಲು ಥೇಟ್ ಒಳ್ಳೆಯದರ ಹಾಗೆ. ಅದು ದಪ್ ಎನ್ನುತ್ತದೆ. ಅಂಥದ್ದು ಒಂದೇ ಒಂದು ಬಾಣಲೆಗೆ ಬಿದ್ದರೆ ಬಿಸಿಗೆ ಬಾಯಿ ಬಿಟ್ಟು ಇಡೀ ಅಡುಗೆಯನ್ನು ಹಾಳು ಮಾಡುತ್ತದೆ. ಎರ್ಸಿಲಿಯಾ ಇಷ್ಟನ್ನು ಅವನಿಗೆ ಹೇಳಿಕೊಟ್ಟು, ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಳು.

ಟಕ್, ಟಕ್, ಟಕ್. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ. ಬೆನ್ನ ಹಿಂದೆ ಪ್ರೊಕೊಲೊ ಕೂತಿದ್ದಾನೆ ಎನಿಸುತ್ತಿತ್ತು. ತಿರುಗಿದರೆ ಇವನು. ಅಯ್ಯೋ, ಆ ಸಂಕಟವನ್ನು ಹೇಗೆ ಹೇಳಲಿ!

ಆಗ ದಪ್ ಎಂದಿತು.

ಬಿಯಾಜೊ ಕೈ ನಿಲ್ಲಿಸಿದ. ಎದ್ದು ಬಂದು ಆ ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟ. "ಅಮ್ಮಾ, ಇದರ ಸದ್ದು ಬೇರೆ ಥರ ಇದೆ. ಕೆಟ್ಟಿದ್ಯಾ ನೋಡಿ."

ನಾನು ಹಲಗೆಗೆ ಮೆಲ್ಲಗೆ ಕುಟ್ಟಿದೆ. ಜೋರಾಗಿ ಕುಟ್ಟಿದ್ದರೆ ಅಲ್ಲೇ ಬಾಯಿ ಬಿಟ್ಟು ಕರಿ ಕೆಸರು ಕಾರುತ್ತಿತ್ತು. ದಪ್. ಬಂದರಿನ ಹಸುಗೂಸಿಗೂ ಗೊತ್ತಾಗುವ ಸದ್ದು. ಮೊದಲ ಸಲ ಕುಟ್ಟಿದವನು ಸರಿಯಾಗಿ ಹಿಡಿದಿದ್ದ.

"ನಿಮ್ಮ ಕಿವಿಗೆ ಎಲ್ಲಾ ಬೇರೆ ಥರಾನೇ ಕೇಳುತ್ತೆ," ಎಂದೆ. "ಚೆನ್ನಾಗೇ ಇದೆ. ಹಾಕಿ."

"ಖಂಡಿತಾ?"

"ನಲವತ್ತು ವರ್ಷದಿಂದ ಕುಟ್ತಾ ಇದ್ದೀನಪ್ಪಾ, ನೀನು ನಂಗೆ ಹೇಳ್ಕೊಡ್ತೀಯಾ?"

ಅವನು ಚಿಪ್ಪನ್ನು ನನ್ನಿಂದ ತೆಗೆದುಕೊಂಡು ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಒಳ್ಳೆಯವುಗಳ ಜೊತೆ ಹಾಕಿದ.

ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಘಮ್ಮೆಂದಿತು. ಮರುವಾಯಿ ಸುರಿದು, ಒಂದು ಗುಟುಕು ಬಿಳಿ ವೈನ್ ಹಾಕಿ ಮುಚ್ಚಿದೆ. ಒಳಗೆ ಚಿಪ್ಪುಗಳು ಪಟಪಟ ಬಾಯಿ ಬಿಟ್ಟವು. ಮುಚ್ಚಳ ತೆಗೆದರೆ ಹಾಲಿನ ಹಾಗಿರಬೇಕಾದ ರಸದಲ್ಲಿ ಕಪ್ಪು ಎಳೆ ಹರಡುತ್ತಿತ್ತು. ಆಗಲಾದರೂ ಚೆಲ್ಲಬಹುದಿತ್ತು. ಮಕ್ಕಳೇ, ಇವತ್ತು ಬರೀ ಬೆಳ್ಳುಳ್ಳಿ ಎಣ್ಣೆಯ ಸ್ಪಗೆಟ್ಟಿ ಎಂದಿದ್ದರೆ ಆಗುತ್ತಿತ್ತು. ನಾನು ಒಂದು ಹಿಡಿ ಟೊಮೇಟೊ ಹಿಚುಕಿ ಹಾಕಿದೆ, ಬಣ್ಣ ಮುಚ್ಚಲಿ ಎಂದು. ಸ್ಪಗೆಟ್ಟಿ ಬಸಿದು, ಬೆರೆಸಿ, ಅವನು ತಂದ ಪಾರ್ಸ್ಲಿಯನ್ನೇ ಹೆಚ್ಚಿ ಉದುರಿಸಿದೆ.

"ಇವತ್ತು ಕೆಂಪಗೆ ಮಾಡಿದ್ದೀರಾ, ಅಮ್ಮಾ?" ಎಂದು ಎರ್ಸಿಲಿಯಾ ಕೇಳಿದಳು. ನಮ್ಮ ಮನೆಯಲ್ಲಿ ಮರುವಾಯಿಗೆ ಯಾವತ್ತೂ ಟೊಮೇಟೊ ಬಿದ್ದಿರಲಿಲ್ಲ.

"ಹೊಸಬರು ಬಂದಿದ್ದಾರಲ್ಲ, ಚೆಂದ ಕಾಣಲಿ ಅಂತ."

ಮೂವರೂ ತಿನ್ನತೊಡಗಿದೆವು. ಮೊದಲ ತುತ್ತಿಗೇ ಹಲ್ಲಿನಲ್ಲಿ ಕರಕರ ಎಂದಿತು, ಬಾಯಿ ತುಂಬ ಬಂದರಿನ ಹಳೇ ಕೆಸರಿನ ವಾಸನೆ. ಬಿಯಾಜೊ ಅಗಿದು ನುಂಗಿದ. ಇನ್ನೊಂದು ತುತ್ತು ಸುತ್ತಿಕೊಂಡ. ನಾನು ಫೋರ್ಕನ್ನು ಮೇಜಿಗೆ ಕುಕ್ಕಿದೆ.

"ಥೂ! ಬರೀ ಕೆಸರು! ನೋಡೇ, ನಿನ್ನ ರೈಲಿನವನು ಕುಟ್ಟಿದ ಚೆಂದ! ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ಗೊತ್ತಾಗಲ್ಲ ಇವನಿಗೆ. ನನ್ನ ಮಗ ಕೂತಿದ್ದ ಜಾಗದಲ್ಲಿ ಇಂಥವನು ಕೂರ್ಬೇಕಾ? ಇದಕ್ಕೆ ನಾನು ಹೂಂ ಅನ್ಬೇಕಾ?"

ಬಿಯಾಜೊ ನನ್ನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪು ನಂದೇ, ಎರ್ಸಿಲಿಯಾ," ಎಂದ. "ನಂಗೆ ಸದ್ದು ಗೊತ್ತಾಗ್ಲಿಲ್ಲ. ಅಮ್ಮನ ಅಡುಗೆ ಕೆಡಿಸಿಬಿಟ್ಟೆ."

ಎರ್ಸಿಲಿಯಾ ಬಾಯಿಯಲ್ಲಿದ್ದುದನ್ನು ನುಂಗಿ, ನೀರು ಕುಡಿದಳು. ದನಿ ಏರಿಸಲಿಲ್ಲ.

"ಬಾಲ್ಕನಿ ಬಾಗ್ಲು ತೆಗೆದೇ ಇತ್ತು, ಅಮ್ಮಾ. ಆ ದಪ್ ಸದ್ದು ನಂಗೆ ಎರಡು ಸಲ ಕೇಳಿಸ್ತು. ಅವರು ಕುಟ್ಟಿದ್ದು ಒಂದ್ಸಲ, ನೀವು ಕುಟ್ಟಿದ್ದು ಒಂದ್ಸಲ. ನೀವು ಎಸೀತೀರಿ ಅಂತ ಬಟ್ಟೆ ಹಿಡ್ಕೊಂಡು ನಿಂತೇ ಇದ್ದೆ. ಊಟಕ್ಕೆ ಕೂತ ಮೇಲೂ, ಇಲ್ಲ, ಅಮ್ಮ ಎಸೆದಿರ್ತಾರೆ, ನಂಗೇ ಕೇಳಿಸ್ಲಿಲ್ಲ ಅಂದ್ಕೊಂಡೇ ತುತ್ತು ತಗೊಂಡೆ."

ಕುಕ್ಕಿದ ಫೋರ್ಕನ್ನು ನಾನು ಎತ್ತಿ ತಟ್ಟೆಯ ಪಕ್ಕಕ್ಕೆ ನೇರವಾಗಿ ಇಟ್ಟೆ.

"ಪಾರ್ಸ್ಲಿ ತಪ್ಪನ್ನ ನಾನು ಹೊತ್ಕೊಂಡೆ. ನಿಮ್ಮ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ ಗೊತ್ತಿತ್ತು. ಹೊತ್ತಿದ್ದಕ್ಕೆ ನಂಗೇನೂ ಬೇಜಾರಿಲ್ಲ, ಅಮ್ಮಾ. ಆದ್ರೆ ಇದನ್ನ ಇವರ ಮೇಲೆ ಹೊರಿಸ್ಬೇಡಿ."

"ಯಾವ ಪಾರ್ಸ್ಲಿ?" ಎಂದ ಬಿಯಾಜೊ.

"ಏನಿಲ್ಲ. ನಮ್ಮ ಮನೆ ವಿಷ್ಯ," ಎಂದಳು ಅವಳು. ಆಗಲೂ ನನ್ನನ್ನು ಬಿಟ್ಟುಕೊಡಲಿಲ್ಲ.

ಎದ್ದು ಮೂರು ತಟ್ಟೆಯನ್ನೂ ಬಾಣಲೆಯನ್ನೂ ಕಸದ ಡಬ್ಬಿಗೆ ಸುರಿದು, ಎಂದಿನ ಹಾಗೆ ತೊಳೆದು ಕವುಚಿ ಹಾಕಿದಳು. ಕೈ ಒರೆಸಿಕೊಂಡು ಕೋಟು ತೊಟ್ಟಳು. "ಬೇಡ ಅಂದಿದ್ರೆ ಉಳ್ಕೊಳ್ತಿದ್ದೆ," ಎಂದಳು ಬಾಗಿಲಲ್ಲಿ. "ನಿಜವಾಗ್ಲೂ ಉಳ್ಕೊಳ್ತಿದ್ದೆ, ಅಮ್ಮಾ. ಬಾಯಿಬಿಟ್ಟು ಬೇಡ ಅಂದಿದ್ರೆ ಸಾಕಿತ್ತು." ಬಿಯಾಜೊ ನನಗೆ ತಲೆ ಬಾಗಿಸಿ ಅವಳ ಹಿಂದೆ ಇಳಿದ. ಸಿಹಿತಿಂಡಿ ಪೊಟ್ಟಣ ರಿಬ್ಬನ್ ಬಿಚ್ಚದೆ ಮೇಜಿನ ಮೇಲೇ ಉಳಿಯಿತು.

ಜೂನ್‌ನಲ್ಲಿ ಮದುವೆಯಾಯಿತು. ಮದುವೆಯಲ್ಲಿ ಬಂಧುಗಳಿಗೆ ಹಂಚುವ ಸಕ್ಕರೆ ಬಾದಾಮಿಯ ಪುಟ್ಟ ಚೀಲ ಅಂಚೆಯಲ್ಲಿ ಬಂತು, ಅವಳು ಬರಲಿಲ್ಲ. ಚೀಲವನ್ನು ಕೈಯಲ್ಲಿ ಹಿಡಿದು ಇಡೀ ಬೆಳಗು ಕೂತಿದ್ದೆ. ಇನ್ನೇನು ಕೊಡಲಿ ಅವಳಿಗೆ? ನನ್ನ ಹತ್ತಿರ ಉಳಿದಿದ್ದುದು ಆ ನಿಜ ಒಂದೇ.

ಇಳಿಜಾರಿನ ಕೆಳಗಿನ ತತೊನ್ನೊನ ತರಕಾರಿ ಅಂಗಡಿಗೆ ಹೋದೆ. ಪ್ರೊಕೊಲೊ ಆ ದಿನ ಹೋದದ್ದೂ ಅಲ್ಲಿಗೇ. ನಾಲ್ಕು ಜನ ಹೆಂಗಸರು ನಿಂತಿದ್ದರು, ಒಳ್ಳೆಯದೇ ಆಯಿತು ಎಂದುಕೊಂಡೆ. ಎಲ್ಲರೆದುರೇ ಗಟ್ಟಿಯಾಗಿ ಹೇಳಿದೆ.

"ತತೊನ್ನೊ, ಕೇಳು. ನೀವೆಲ್ಲರೂ ಕೇಳಿ. ಆ ದಿನ ಪಾರ್ಸ್ಲಿ ಮರೆತಿದ್ದು ಎರ್ಸಿಲಿಯಾ ಅಲ್ಲ. ನಾನು. ಮಗನ್ನ ಮಳೇಲಿ ಕಳಿಸಿದ್ದೂ ನಾನೇ."

ಯಾರೂ ಬೆಚ್ಚಲಿಲ್ಲ. ಒಬ್ಬಳು ಟೊಮೇಟೊ ಆರಿಸುತ್ತಿದ್ದವಳು ಕೈ ನಿಲ್ಲಿಸಿ ನೆಲ ನೋಡಿದಳು. ತತೊನ್ನೊ ತಕ್ಕಡಿ ಪಕ್ಕಕ್ಕಿಟ್ಟ.

"ಗೊತ್ತು, ಓರ್ಸೊಲಕ್ಕಾ. 'ಅಮ್ಮ ಪಾರ್ಸ್ಲಿ ಮರೆತು ನನ್ನ ಮೇಲೆ ಹಾರಾಡ್ತಾ ಇದ್ದಾಳೆ, ಬೇಗ ಕೊಡು ಮಾರಾಯಾ' ಅಂತ ಹುಡುಗ ನಗ್ತಾ ಹೇಳಿದ್ನಲ್ಲ, ಇಲ್ಲೇ ನಿಂತ್ಕೊಂಡು. ಇವರೂ ಇದ್ರು."

"ಮತ್ತೆ ಮೂರು ವರ್ಷ ಯಾಕೋ ಸುಮ್ನಿದ್ರಿ?"

"ಮಣ್ಣು ಮಾಡಿದ ಮಾರನೇ ದಿನ ನಿಮ್ಮ ಸೊಸೆ ಬಂದಿದ್ಲು. 'ನಿಮಗೆಲ್ಲ ಗೊತ್ತಿದೆ ಅಂತ ಅಮ್ಮನಿಗೆ ಗೊತ್ತಾಗ್ಬಾರ್ದು, ಅವರು ತಲೆ ಎತ್ಕೊಂಡು ಈ ಬೀದೀಲಿ ಓಡಾಡ್ಬೇಕು' ಅಂತ ನಮ್ಮ ಒಬ್ಬೊಬ್ಬರ ಕೈ ಹಿಡ್ಕೊಂಡು ಕೇಳಿದ್ಲು. ಹೇಳಲ್ಲ ಅಂತ ಮಾತು ಕೊಟ್ಟಿದ್ವಿ, ಅಕ್ಕಾ."

ನನಗೇನು ಬೇಕು ಎಂದು ಕೇಳದೆಯೇ ಅವನು ಒಂದಿಷ್ಟು ನಿಂಬೆಹಣ್ಣು ಚೀಲಕ್ಕೆ ಹಾಕಿದ. ಎಲ್ಲರಿಗೂ ಪುಕ್ಕಟೆ ಕೊಡುವ ರೂಢಿಯಲ್ಲಿ ಅವನ ಕೈ ತಾನಾಗಿಯೇ ಒಂದು ಕಟ್ಟು ಪಾರ್ಸ್ಲಿಯನ್ನೂ ಮೇಲಿಟ್ಟಿತು. ಇಟ್ಟ ಮೇಲೆ ಅವನಿಗೆ ಹೊಳೆದು, ಗಾಬರಿಯಾಗಿ ವಾಪಸು ತೆಗೆಯಲು ಬಂದ.

"ಇರಲಿ ಬಿಡು," ಎಂದೆ. ಆ ಕಟ್ಟನ್ನು ಎದೆಗೆ ಹಿಡಿದುಕೊಂಡು ಅಂಗಡಿಯ ಮುಂದೆಯೇ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮಗ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.