ಟಾಪ್‌ನಲ್ಲೇ ಎಂಟು

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನಟರಾಜುವನ್ನು ಎಲ್ಲರೂ ಟಾಪ್ ಗೇರ್ ನಟಣ್ಣ ಎನ್ನುತ್ತಿದ್ದರು. ಅದನ್ನು ಅವನು ಬಿರುದೆಂದೇ ತಿಳಿದಿದ್ದ. ಅವನ ನೂರು ಸಿಸಿ ಬೈಕು ಮನೆ ಮುಂದಿನ ಚರಂಡಿ ದಾಟುವುದರೊಳಗೆ ನಾಲ್ಕನೇ ಗೇರಿಗೆ ಬಿದ್ದಿರಬೇಕು. ಇಂಜಿನ್ ಕೂಗಿದರೆ ಪೆಟ್ರೋಲ್ ಕುಡಿಯುತ್ತದೆ, ಕೂಗದಿದ್ದರೆ ಉಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಏರು ಬಂದರೆ ಬೈಕು ಗಡಗಡ ನಡುಗುತ್ತಿತ್ತು; ಹಿಂದೆ ಕೂತ ಹೆಂಡತಿ ಶಿವಲಿಂಗಮ್ಮ ಮಾತಿಲ್ಲದೆ ಇಳಿದು ನಡೆಯುತ್ತಿದ್ದಳು. ಅವಳು ನಡೆದಷ್ಟೂ ಪೆಟ್ರೋಲ್ ಉಳಿಯಿತಲ್ಲ ಎಂದು ನಟರಾಜು ಒಳಗೊಳಗೇ ಹಿಗ್ಗುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಗಂಡಸು.

ಇಷ್ಟೆಲ್ಲ ವಿದ್ಯೆಯಿದ್ದೂ ಲೈಸೆನ್ಸ್ ಇರಲಿಲ್ಲ. ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ. ಈಗ ಕಾರ್ಖಾನೆಯೇ ಕೇಳಿತು: ಬರುವ ತಿಂಗಳಿಂದ ಲೈಸೆನ್ಸ್ ಇಲ್ಲದವರ ಬೈಕನ್ನು ಗೇಟಿನೊಳಗೆ ಬಿಡುವುದಿಲ್ಲ. ಬೈಕು ಹೊರಗೆ ನಿಂತರೆ ಬಿರುದೂ ಹೊರಗೇ ನಿಲ್ಲುತ್ತದೆ. ಕಾಲೇಜಿಗೆ ಹೋಗುವ ಮಗಳು ದಿವ್ಯಳಿಗೂ ಲೈಸೆನ್ಸ್ ಬೇಕಿತ್ತು. ಅಪ್ಪ ಮಗಳು ಒಂದೇ ದಿನ ರಾಮನಗರದ ಆರ್‌ಟಿಓ ಮೈದಾನಕ್ಕೆ ಹೋದರು.

ಅಲ್ಲಿ ಎಂಟು ಹಾಕಬೇಕು. ಎಂಟರ ಅಂಕಿಯಂತೆ ನೆಲಕ್ಕೆ ಬಳಿದ ಗೆರೆಯ ಮೇಲೆ, ಕಾಲು ಊರದೆ ಬೈಕು ಸುತ್ತಿಸಬೇಕು.

"ಟಾಪಲ್ಲೇ ಹಾಕವ್ವ. ಬೈಕು ಮೆತ್ತಗೆ ಹೋಯ್ತದೆ," ಎಂದ ನಟರಾಜು.

"ನೀನು ಮೊದ್ಲು ಹಾಕಪ್ಪ, ನೋಡ್ತೀನಿ," ಎಂದಳು ದಿವ್ಯ.

ಮೊದಲ ತಿರುವಿನಲ್ಲಿ ಬೈಕು ಕೆಮ್ಮಿತು. ನಟರಾಜು ಗೇರ್ ಇಳಿಸಲಿಲ್ಲ, ಸಿದ್ಧಾಂತ ದೊಡ್ಡದು. ಎರಡನೇ ತಿರುವಿನಲ್ಲಿ ಎರಡು ಸಲ ಒದರಿಕೊಂಡು ನಿಂತೇಹೋಯಿತು. ಅವನು ಒಂದಲ್ಲ, ಎರಡೂ ಕಾಲು ಊರಿದ. ಇನ್‌ಸ್ಪೆಕ್ಟರ್ ತಲೆ ಎತ್ತದೆ, "ಇನ್ನೊಂದು ಸಲ ಬನ್ನಿ," ಎಂದರು.

"ನೆಲ ಸರಿಯಿಲ್ಲ ಸಾರ್," ಎಂದ ನಟರಾಜು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅದೇ ನೆಲದ ಮೇಲೆ ದಿವ್ಯ ಎರಡನೇ ಗೇರಿನಲ್ಲಿ ಹೊರಟಳು. ಇಂಜಿನ್ ಒಸಿ ಜೋರಾಗಿಯೇ ಸದ್ದು ಮಾಡಿತು. ಪೆಟ್ರೋಲ್ ಉರಿದಂತೆ ನಟರಾಜುವಿನ ಹೊಟ್ಟೆಯೂ ಉರಿಯಿತು. ತಿರುವಿನಲ್ಲಿ ಅರ್ಧ ಕ್ಲಚ್ ಹಿಡಿದು, ಮತ್ತೆ ಬಿಟ್ಟು, ಅವಳು ಎಂಟು ಮುಗಿಸಿ ಬಂದಳು. ಪಾಸು.

"ಯಾರವ್ವ ಹೇಳ್ಕೊಟ್ಟೋರು?"

"ಬೈಕೇ ಹೇಳ್ತದಲ್ಲಪ್ಪ, ನಡುಗುದ್ರೆ ಗೇರ್ ಇಳ್ಸು ಅಂತ. ನಿಂಗೆ ಇಪ್ಪತ್ತು ವರ್ಷದಿಂದ ಹೇಳ್ತಾನೇ ಐತೆ."

ವಾಪಸು ಬರುವಾಗ ಅವಳೇ ಓಡಿಸಿದಳು. ಕನಕಪುರ ರಸ್ತೆಯ ಏರಿನಲ್ಲಿ ಮೂರಕ್ಕೆ ಇಳಿಸಿದಳು. ಬೈಕು ತಕರಾರಿಲ್ಲದೆ ಹತ್ತಿತು. ಯಾರೂ ಇಳಿದು ನಡೆಯಬೇಕಾಗಲಿಲ್ಲ. ನಟರಾಜುವಿಗೆ ಶಿವಲಿಂಗಮ್ಮ ನೆನಪಾದಳು. ಫೇಲಾದಾಗ ಆಗದ ನಾಚಿಕೆ ಆಗ ಆಯಿತು.

ಎರಡನೇ ಪಾಳಿಯ ಹೊತ್ತಿಗೆ ದಿವ್ಯ ಅವನನ್ನು ಕಾರ್ಖಾನೆಯ ಗೇಟಿನಲ್ಲಿ ಇಳಿಸಿ ಹೋದಳು. ಅವನ ಜೊತೆ ಒಂದೇ ಮೆಷಿನ್ನಿನಲ್ಲಿ ದುಡಿಯುವ ಕೆಂಪರಾಜು ಎದುರಾದ. ಮೊಣಕೈಗೆ ಬ್ಯಾಂಡೇಜು.

"ಪಾಸಾ ನಟಣ್ಣ?"

ನಟರಾಜುವಿನ ನಾಲಿಗೆಯ ತುದಿಯಲ್ಲಿ ಸುಳ್ಳು ತಯಾರಿತ್ತು: ಪಾಸು ಕಣ್ಲಾ, ಮಗಳಿಗೆ ಒಸಿ ಪ್ರಾಕ್ಟೀಸ್ ಕೊಡ್ತಿದ್ದೆ. ಕೆಂಪರಾಜು ಅಷ್ಟು ಹೊತ್ತು ಕಾಯಲಿಲ್ಲ.

"ನಂದು ನಾಳೆ ಕಣಣ್ಣ. ನೀನು ಹೇಳ್ದಂಗೇ ಟಾಪಲ್ಲೇ ಎಂಟು ಹಾಕಿ ಹಾಕಿ ಕಲ್ತಿವ್ನಿ. ಎರಡು ದಪ ಬಿದ್ದೆ, ಆದ್ರೂ ಬುಡ್ಲಿಲ್ಲ."

ಪಾಳಿಗೆ ಬಂದವರೆಲ್ಲ ಗೇಟಿನಲ್ಲೇ ನಿಂತು ಕೇಳುತ್ತಿದ್ದರು. ನಟರಾಜು ಆ ಬ್ಯಾಂಡೇಜನ್ನೇ ನೋಡಿದ.

"ಸೆಕೆಂಡ್ ಗೇರಲ್ಲಿ ಹಾಕು ಕಣ್ಲಾ. ನಾನು ಟಾಪಲ್ಲಿ ಹಾಕಿ ಫೇಲಾಗ್ಬುಟ್ಟೆ."

ಗೇಟಿಗೆ ಗೇಟೇ ನಕ್ಕಿತು. ಕೆಂಪರಾಜು ಮಾತ್ರ ನಗಲಿಲ್ಲ. ತನ್ನ ಮೊಣಕೈ ಸವರಿಕೊಂಡ.

"ಇದ್ನ ಮುಂಚೇನೇ ಹೇಳ್ಬಾರ್ದಿತ್ತಾ?"

"ಮುಂಚೆ ನಂಗೆ ಎಲ್ಲಾ ಗೊತ್ತಿತ್ತು ಕಣ್ಲಾ," ಎಂದ ನಟರಾಜು.