ಮೊರದ ಮೇಲಿನ ಮರಳು

ಗಿರಿಜಾಂಬನ ಮನೆಯಲ್ಲಿ ಜೋಪಾನ ಅಂದರೆ ಬಿಸಿಲು. ರಾಗಿಯಾಗಲಿ, ಹುಣಸೆಹಣ್ಣಾಗಲಿ, ಮಳೆಗಾಲ ಕಳೆದ ಮೇಲೆ ಹಾಸಿಗೆ ದಿಂಬಾಗಲಿ, ಕೆಡದೆ ಉಳಿಯಬೇಕಾದ್ದು ಅಂದಮೇಲೆ ಒಂದು ಸಲ ತಾರಸಿ ಹತ್ತಿ ಇಳಿಯಲೇಬೇಕು. ಸಾತನೂರಿನ ಆ ಬೀದಿಯಲ್ಲಿ ಆಕೆಯ ರಾಗಿಗೆ ಹುಳ ಬಿದ್ದದ್ದನ್ನು ಕಂಡವರಿಲ್ಲ. ಆ ಮಾತನ್ನು ದಿನಕ್ಕೆರಡು ಸಲ ಆಕೆಯೇ ಹೇಳುತ್ತಿದ್ದಳು, ಬಿಡಿ.

ಇಂಥವಳಿಗೆ ಮಣ್ಣು ಓದುವ ಸೊಸೆ ಬಂದಳು. ಕವನ ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಉಯ್ಯಂಬಳ್ಳಿ ಕಡೆ ಬೆಟ್ಟಗಳ ಸಂದಿಯಲ್ಲಿ ಹರಿಯುವ ಹಳ್ಳಕ್ಕೆ ಹೋಗಿ ದಡ ಕೆರೆಯುವುದೇ ಕೆಲಸ. "ಎಂಎಸ್ಸಿ ಓದಿರೋ ಸೊಸೆ ತಂದ್ರೆ ಮಣ್ಣು ಹೊರಾಕೋಯ್ತಾಳೆ" ಎಂದು ಗಿರಿಜಾಂಬ ಎರಡು ವರ್ಷ ಬಂದವರ ಮುಂದೆಲ್ಲ ಮೂದಲಿಸಿದ್ದಳು. ಕವನ ತಿರುಗಿ ಒಂದು ಮಾತೂ ಆಡಿರಲಿಲ್ಲ.

ಹೋದ ವಾರ ಅವಳು ಅಳುತ್ತ ಮನೆಗೆ ಬಂದಳು. ರಸ್ತೆಗೆ ಮಣ್ಣು ಬೇಕೆಂದು ಯಾರೋ ಜೆಸಿಬಿ ತಂದು ಆ ದಡವನ್ನೇ ಎತ್ತಿಕೊಂಡು ಹೋಗಿದ್ದರು. ಹಿಂದಿನ ದಿನ ಅವಳು ದಡಕ್ಕೆ ಬಡಿದು ಮರಳು ತುಂಬಿಕೊಂಡು ತಂದಿದ್ದ ಮೂರು ಕಬ್ಬಿಣದ ಕೊಳವೆ ಮಾತ್ರ ಉಳಿದಿದ್ದವು. ಎರಡು ವರ್ಷದಲ್ಲಿ ಮೊದಲ ಸಲ ಗಿರಿಜಾಂಬ ಮೆತ್ತಗೆ ಕೇಳಿದಳು, "ಅದ್ರಲ್ಲಿ ಅಂಥದ್ದೇನವ್ವ ಐತೆ?"

"ಹಿಂದೊಂದು ಕಾಲದಲ್ಲಿ ಮಳೆ ಕೈಕೊಟ್ಟು ಬೆಟ್ಟ ಬೋಳಾಗಿತ್ತು ಅತ್ತೆ. ಆಮೇಲೆ ಜೋರು ಮಳೆ ಹಿಡೀತು. ಮಣ್ಣು ಹಿಡಿಯೋಕೆ ಬೇರಿಲ್ಲ, ಬೆಟ್ಟದ ಮೈ ಕಿತ್ತು ಬಂದು ಕಣಿವೆ ತುಂಬ್ತು. ಇದು ನನ್ನ ಊಹೆ. ಯಾವಾಗ ಅಂತ ಆ ಮರಳೇ ಹೇಳಬೇಕು. ಈಗ್ಲೂ ಮಳೆ ಕೆಡ್ತಾ ಇದೆಯಲ್ಲ, ಬೆಟ್ಟ ಮುಂದೆ ಏನು ಮಾಡುತ್ತೆ ಅಂತ ತಿಳೀಬೇಕಾದ್ರೆ ಅದು ಗೊತ್ತಾಗಬೇಕು. ನನ್ನ ಐದು ವರ್ಷ ಇದರಲ್ಲಿದೆ. ಒಸಿ ಜೋಪಾನ ಅತ್ತೆ."

ಬೆಟ್ಟದ ವಿಷಯ ಗಿರಿಜಾಂಬನಿಗೆ ಅರ್ಧ ತಿಳಿಯಿತು. ಸೊಸೆ ತನ್ನನ್ನು ನಂಬಿ ಒಂದು ವಸ್ತು ಒಪ್ಪಿಸಿದಳು ಅನ್ನುವುದು ಪೂರ್ತಿ ತಿಳಿಯಿತು.

ಮಾರನೆಯ ದಿನ ಕವನ ಕೊಳವೆಗಳನ್ನು ಲ್ಯಾಬಿಗೆ ಕಳಿಸಲು ಗಟ್ಟಿ ಪೆಟ್ಟಿಗೆ ತರಬೇಕೆಂದು ಕನಕಪುರದ ಬಸ್ಸು ಹತ್ತಿದಳು. ಗಿರಿಜಾಂಬ ಕೋಣೆ ಗುಡಿಸಲು ಹೋದಾಗ ಕೊಳವೆಗೆ ಸುತ್ತಿದ್ದ ಕಪ್ಪು ಪ್ಲಾಸ್ಟಿಕ್ಕು ಒಳಗೊಳಗೇ ಬೆವೆತಿತ್ತು. ಅಯ್ಯೋ ಶಿವನೆ, ಬೂಷ್ಟು ಹಿಡಿದರೆ ಈ ಹುಡುಗಿಯ ಐದು ವರ್ಷದ ಗತಿಯೇನು! ಮೂರು ಮೊರ ತೊಳೆದಳು. ಒಂದರ ಮರಳು ಇನ್ನೊಂದಕ್ಕೆ ಬೆರೆಯದ ಹಾಗೆ ಹರವಿ, ಆಯಾ ಕೊಳವೆಯ ಚೀಟಿಯನ್ನು ಆಯಾ ಮೊರದ ಅಂಚಿಗೆ ಸಿಕ್ಕಿಸಿದಳು. ಕೋಳಿ ಕೆದಕೀತೆಂದು ಮಧ್ಯಾಹ್ನವೆಲ್ಲ ತಾರಸಿಯಲ್ಲೇ ಕೋಲು ಹಿಡಿದು ಕೂತಳು. ಸೊಸೆ ಬಂದು ನೋಡಿದರೆ ಎಷ್ಟು ಖುಷಿಪಟ್ಟಾಳು ಎಂದುಕೊಂಡು ಊಟಕ್ಕೂ ಇಳಿಯಲಿಲ್ಲ.

ನಾಲ್ಕು ಗಂಟೆಗೆ ಕವನ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟಳು.

"ಒಸಿ ಒದ್ದೆಯಿತ್ತು ಕಣವ್ವ. ಬ್ಯಾರೆ ಬ್ಯಾರೆನೇ ಒಣಗಾಕಿವ್ನಿ" ಅಂದಳು ಗಿರಿಜಾಂಬ.

ಕವನ ಮೊರದ ಪಕ್ಕ ಕೂತಳು. "ಆ ಮರಳು ಕೊನೇ ಸಲ ಬಿಸಿಲು ಕಂಡಿದ್ದು ಯಾವಾಗ ಅನ್ನೋದನ್ನೇ ನಾವು ಓದೋದು ಅತ್ತೆ. ಕತ್ತಲಲ್ಲಿ ಇದ್ದಷ್ಟು ವರ್ಷ ಅದರೊಳಗೆ ಗುರುತು ಕೂಡ್ತಾ ಹೋಗುತ್ತೆ. ಬಿಸಿಲು ಬಿದ್ರೆ ಅಳಿಸಿಹೋಗುತ್ತೆ."

"ಎಲ್ಲಾನೂವ?"

"ಎಲ್ಲಾನೂ."

ಇವಳು ಬಯ್ಯಬಾರದೇ, ಒಂದೆರಡು ಮಾತು ಎತ್ತಿ ಆಡಬಾರದೇ ಎಂದು ಗಿರಿಜಾಂಬನಿಗೆ ಅನಿಸಿತು. "ನಾನು ಬೇಕೂಂತ ಮಾಡ್ಲಿಲ್ಲ ಕಣವ್ವ" ಅಂದಳು.

"ಗೊತ್ತು ಅತ್ತೆ." ಕವನ ಮುಖ ಎತ್ತಲಿಲ್ಲ. ನಿಜವಾಗಿ ನಂಬಿ ಅಂದಳೋ, ಹಿರಿಯಳೆಂದು ಅಂದಳೋ, ಗಿರಿಜಾಂಬನಿಗೆ ತಿಳಿಯಲಿಲ್ಲ. ಎರಡು ವರ್ಷ ಆಡಿಕೊಂಡ ಬಾಯಿ ತನ್ನದೇ. ಈಗ ಯಾರ ಮೇಲೆ ಆಣೆ ಇಟ್ಟು ನಂಬಿಸುವುದು?

"ತಿರ್ಗಾ ಕತ್ಲೇಲಿ ಇಕ್ಕಿದ್ರೆ ಬರಾಕಿಲ್ವ?"

"ಬರುತ್ತೆ. ಇನ್ನೊಂದು ಇಪ್ಪತ್ತು ಸಾವಿರ ವರ್ಷ ಇಟ್ರೆ."

ಕವನ ಕೆಳಗಿಳಿದು ಹೋದಳು. ಪೆಟ್ಟಿಗೆ ಅಲ್ಲೇ ಉಳಿಯಿತು. ಗಿರಿಜಾಂಬ ಒಂದು ಕಾಳೂ ಚೆಲ್ಲದ ಹಾಗೆ ಮೂರೂ ಮೊರದ ಮರಳನ್ನು ಆಯಾ ಕೊಳವೆಗೆ ತುಂಬಿದಳು. ಬಾಯಿಗೆ ಟೇಪು ಸುತ್ತಿ, ಚೀಟಿ ಅಂಟಿಸಿ, ಉಗ್ರಾಣದಲ್ಲಿ ರಾಗಿ ಮೂಟೆಗಳ ಹಿಂದೆ ಇಟ್ಟಳು. ಅಲ್ಲೊಂದು ಕಿಟಕಿಯಿತ್ತು. ಕಾಳಿಗೆ ಬಿಸಿಲು ತಾಗಲಿ ಎಂದು ಆಕೆಯೇ ಹಟ ಹಿಡಿದು ಮಾಡಿಸಿದ್ದು. ಸುತ್ತಿಗೆ ತಂದು ಅದಕ್ಕೆ ಅಡ್ಡಲಾಗಿ ಗೋಣಿಚೀಲ ಇಟ್ಟು ಮೊಳೆ ಹೊಡೆದಳು.